ಬಿಳಿ ಮಾತ್ರೆ, ಗುಲಾಬಿ ಮಾತ್ರೆ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಜೊತೆಗೆ ಫಾರ್ಮಸಿ ಓದುವ ಮೊಮ್ಮಗಳು ನಿಂತಿದ್ದರು.

"ಯಾಕೇ ಮುಖ ಊದಿಸ್ಕೊಂಡಿದೀಯ?"

"ಪ್ರಾಕ್ಟಿಕಲ್‌ನಲ್ಲಿ ಫೇಲಾದೆ ಅಜ್ಜಿ. ಬಾಟಲಿ ಮೇಲಿರೋ ಚೀಟಿ ಮೂರು ಸಲ ಓದ್ಬೇಕು. ತೆಗೆಯೋವಾಗ, ಅಳೆಯೋವಾಗ, ವಾಪಸ್ ಇಡೋವಾಗ. ನಾನು ಎರಡೇ ಸಲ ಓದಿದ್ದೆ."

"ಅಷ್ಟಕ್ಕೇನಾ?"

"ಅಷ್ಟಕ್ಕೇ. ಈ ಓದೇ ಬೇಡ, ಬಿಟ್ಬಿಡ್ತೀನಿ."

"ನೆಗಡಿ ಬಂತೂಂತ ಮೂಗು ಕುಯ್ಕೋತಾರೇನೇ? ತಗೋ, ಈ ಚೀಲ ಹಿಡ್ಕೋ. ಹೋದ ವಾರದಿಂದ ಒಂದೇ ಸಮ ತಲೆ ಸುತ್ತು ನನಗೆ."

ಹುಡುಗಿ ಚೀಲದಿಂದ ಎರಡು ಮಾತ್ರೆ ಪಟ್ಟಿ ತೆಗೆದು ಓದಿದಳು. ತಿರುಗಿಸಿ ಓದಿದಳು. ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದಳು.

"ಅಜ್ಜಿ, ಗುಲಾಬಿದೂ ಬಿಳಿದೂ ಎರಡೂ ನುಂಗ್ತಿದೀಯಾ?"

"ಹೂಂ. ಗುಲಾಬಿದು ಬಿಪಿಗೆ. ಬಿಳಿದು ಹೋದ ವಾರ ಹೊಸದಾಗಿ ಕೊಟ್ರು."

"ಎರಡೂ ಅದೇ ಬಿಪಿ ಮಾತ್ರೆ! ಕಂಪನಿ ಬೇರೆ, ಅದಕ್ಕೇ ಬಣ್ಣ ಬೇರೆ. ದಿನಾ ಎರಡರಷ್ಟು ತಗೊಂಡಿದೀಯ. ನಡಿ, ಈಗಲೇ ಡಾಕ್ಟರಿಗೆ ಹೇಳೋಣ."

ಅಜ್ಜಿ ಅಲ್ಲಾಡಲಿಲ್ಲ.

"ಎಷ್ಟು ಸಲ ಓದ್ದೆ?"

"ಮೂರು ಸಲ."

"ಹಾಗಾದ್ರೆ ಪಾಸು. ನಡಿ."

ಮೊಮ್ಮಗಳ ತೋಳು ಹಿಡಿದುಕೊಂಡು ಅಜ್ಜಿ ಸಾಲು ಬಿಟ್ಟು ಹೊರಟರು.