ಒಂಟೆತ್ತಿನ ಆರಂಬ

ಅಂಗಲ್ಲ ಕಣ್ಲಾ, ಎತ್ತು ಅಂದ್ರೆ ಯಾವ ಕಡೆ ಕಟ್ಟುದ್ರೂ ಉಳ್ತದೆ ಅನ್ಕಂಡಿದ್ದೀಯಾ? ಎಡಗಡೆ ಎತ್ತು ಎಡಗಡೆಗೇ, ಬಲಗಡೆದು ಬಲಗಡೆಗೇ. ಕರುವಾಗಿದ್ದಾಗ ನೊಗದ ಯಾವ ಕಡೆ ಪಳಗ್ಸಿರ್ತೀವೋ, ಸಾಯೋಗಂಟ ಅದೇ ಅದರ ಜಾಗ. ನಮ್ಮನೇಲಿ ಒಂದು ಜೊತೆ ಇದ್ದೋ, ರಾಮ ಎಡಕ್ಕೆ, ಬಸವ ಬಲಕ್ಕೆ. ನಮ್ಮ ಮಾವನೋರು ಒಂದೇ ಸಂತೇಲಿ ತಂದು ಒಂದೇ ಕೊಟ್ಟಿಗೇಲಿ ಸಾಕಿದ್ರು. ನಾನು ಮಂಡ್ಯದ ಅತ್ರ ಹೊಳಲು ಅನ್ನೋ ಊರಿನೋಳಲ್ವಾ, ಮಳವಳ್ಳಿ ಕಡೆ ಒಣಬೂಮಿಗೆ ಸೊಸೆಯಾಗಿ ಬಂದಾಗ ನನಗೆ ಮೊದ್ಲು ಗುರುತಾದೋರೇ ಆ ಎರಡು ಎತ್ತು. ಮನುಸ್ರು ಆಮೇಲೆ.

ಮಾವನೋರು ತೀರ್ಕಂಡ ಮೇಲೆ ಸುರುವಾಯ್ತು ನೋಡು. ಮಂಡ್ಯದ ಕಡೆ ಆಗ ನಾಲೆ ನೀರು ಬಂದಿತ್ತು, ಕಬ್ಬು, ಬತ್ತ ಅಂತ ಜನ ಒಂದೇ ಸಮ ಮಾತಾಡೋರು. ನಮಗೆ ಮಳೆ ಉಯ್ದ್ರೆ ಉಂಟು, ಇಲ್ದಿದ್ರೆ ಇಲ್ಲ. ನಿಮ್ಮ ದೊಡ್ಡತಾತ, ಅಂದ್ರೆ ನಿಮ್ಮ ತಾತನ ಅಣ್ಣ, ಬೋರೇಗೌಡ್ರು ಅಂತ, ಒಂದಿನ ಉಣ್ತಾ ಉಣ್ತಾ ಅಂದ್ರು, 'ಲೇ ತಮ್ಮ, ಈ ಕಲ್ಲೊಲ ಮಾರ್ಬುಟ್ಟು ನಾಲೆ ಕೆಳಗೆ ಒಂದು ಚೂರು ಗದ್ದೆ ತಕ್ಕಳನ ಕಣ್ಲಾ.' ನಿಮ್ಮ ತಾತ ಮುದ್ದೆ ಮುರಿಯೋದ ನಿಲ್ಲಿಸ್ಬುಟ್ಟು, 'ಅಪ್ಪನ ಒಲ ಮಾರೋನು ಅಪ್ಪನಿಗೆ ಉಟ್ದೋನೇ ಅಲ್ಲ' ಅಂದ್ಬುಟ್ರು. ನಾನು ಅಲ್ಲೇ ಸಾರು ಬುಡ್ತಾ ಇದ್ದೆ. ದೊಡ್ಡೋರು ತಟ್ಟೇಲೇ ಕೈ ತೊಳ್ಕಂಡು ಎದ್ರು. ಅವತ್ತಿಂದ ಅಣ್ಣತಮ್ಮಂಗೆ ಮಾತಿಲ್ಲ.

ಊರ ಯಜಮಾನ್ರು ಸೇರಿ ಪಾಲು ಮಾಡುದ್ರು. ಒಳ್ಳೆ ಮಣ್ಣು ಒಬ್ರಿಗೆ, ಕಲ್ಲು ಒಬ್ರಿಗೆ ಅಂದ್ರೆ ಯಾರು ಒಪ್ತಾರೆ? ಅದ್ಕೆ ಇದ್ದಬದ್ದ ಒಲನೆಲ್ಲ ಉದ್ದುದ್ದಕ್ಕೆ ಸೀಳಿ ಮದ್ಯ ಬದ ಆಕುದ್ರು. ಎಷ್ಟು ಸಣ್ಣ ಆಯ್ತು ಅಂದ್ರೆ, ನೇಗಿಲು ತಿರುಗಿಸ್ಬೇಕಾದ್ರೆ ಎತ್ತು ಪಕ್ಕದೋರ ಪಾಲಿಗೆ ಕಾಲಿಡ್ಲೇಬೇಕು. ಮನೆ ಮದ್ಯಕ್ಕೂ ಗೋಡೆ. ಬೀಸೋ ಕಲ್ಲು ಅವರಿಗೆ, ಒರಳು ನಮಗೆ. ಕೊನೇಗೆ ಎತ್ತಿನ ಪಾಳಿ ಬಂತು. ಯಜಮಾನ್ರು ಬೇಡ್ಕಂಡ್ರು ಪಾಪ, 'ಜೊತೆ ಒಬ್ರು ಇಟ್ಕಳಿ, ಅಸ ಕರ ಒಬ್ರು ತಕ್ಕಳಿ, ಜೊತೆ ಮುರೀಬ್ಯಾಡ್ರಪ್ಪ' ಅಂತ. ಇವರು ಕೇಳ್ತಾರಾ? ಅಣ್ಣ ರಾಮನ ಅಗ್ಗ ಇಡ್ಕಂಡ್ರು, ತಮ್ಮ ಬಸವನ ಅಗ್ಗ ಇಡ್ಕಂಡ್ರು. ದೊಡ್ಡೋರ ಪಾಲಿಗೆ ಅಸನೂ ಓಯ್ತು, ನಮಗೆ ಕುರಿ ಬಂದೋ. ಗಂಡಸ್ರ ಅಟ ನೋಡು.

ಅದು ಯುದ್ದದ ಕಾಲ ಬೇರೆ. ಸೀಮೆಣ್ಣೆ ಇಲ್ಲ, ಬಟ್ಟೆ ಇಲ್ಲ, ಕಾರ್ಡು ಇಡ್ಕಂಡು ಮಳವಳ್ಳಿಗೆ ಓದ್ರೆ ಉಳ ಇಡ್ದಿರೋ ಜೋಳ ಕೊಡೋರು. ನಮ್ಮ ಗುಡಾಣದಲ್ಲಿ ರಾಗಿ ತಳ ಕಂಡಿತ್ತು, ಕಂಕುಳಲ್ಲಿ ನಿಮ್ಮಪ್ಪ, ನನಗೋ ಎದೆ ಹಾಲೂ ಬತ್ತೋಗ್ತಾ ಇತ್ತು. ಆ ಸಲ ಬಿತ್ತನೆ ತಪ್ಪುದ್ರೆ ವರ್ಸವೆಲ್ಲ ಉಪಾಸ, ಅಷ್ಟೇಯ. ಆಗ ಬಂತು ಮಳೆ. ಚೆನ್ನಾಗೇ ಬಂತು. ಆದ್ರೆ ನಮ್ಮ ಕಲ್ಲೊಲದಲ್ಲಿ ಹದ ಮೂರ್ನಾಕು ದಿನ ನಿಂತ್ರೆ ಹೆಚ್ಚು, ಅಷ್ಟರೊಳಗೆ ಉತ್ತು ಬಿತ್ಬೇಕು. ಒಂಟೆತ್ತು ಇಟ್ಕಂಡು ಏನು ಆರಂಬ ಮಾಡ್ತೀಯ, ಏನು ಉಳ್ತೀಯ? ಊರೋರದೆಲ್ಲ ಅವರವರ ಒಲದಲ್ಲಿ. ನಿಮ್ಮ ತಾತ ಮಳವಳ್ಳಿಗೆ ಓಗಿ, ಗಾಡಿ ಚಕ್ರ ರಿಪೇರಿ ಮಾಡೋ ಬಾಬು ಸಾಬ್ರ ಕೈಕಾಲು ಇಡ್ಕಂಡು ಅವರ ಮುದಿ ಎತ್ತು ತಂದ್ರು. ನೋಡುದ್ರೆ ಅದೂ ಬಲಗಡೆದೇ. ವಯಸ್ಸಾಗಿರೋದು, ಅದರ ಜಾಗ ಅದಕ್ಕೇ ಇರ್ಲಿ ಅಂತ ಬಸವನ್ನ ಎಡಕ್ಕೆ ಕಟ್ಟುದ್ರು. ಬದದ ಆಚೆ ಪಾಲಲ್ಲಿ ದೊಡ್ಡೋರು ರಾಮನ ಜೊತೆಗೆ ಅಸನೇ ಕಟ್ಟಿದ್ರು. ಕರ ಆಕಿದ್ದ ಅಸ ಅದು. ನೋಡಕ್ಕಾಗಕಿಲ್ಲ ಕಣ್ರೋ, ಊರೋರೆಲ್ಲ ದಾರೀಲಿ ನಿಂತು ಬಾಯಿ ಮುಚ್ಕಂಡು ನಗೋರು.

ಬಸವ ಒಂದು ಸಾಲೂ ನೆಟ್ಟಗೆ ಓಗ್ಲಿಲ್ಲ. ಸುತ್ತಾಕ್ತದೆ, ನಿಂತ್ಕತದೆ, ಸಾಬ್ರೆತ್ತಿಗೆ ಗುಮ್ತದೆ. ನಿಮ್ಮ ತಾತ ಚಾವಟಿ ಬೀಸಿ ಬೀಸಿ ಸುಸ್ತಾದ್ರು. ಆ ಕಡೆ ಅಸ ಉಸ್ಸಂತ ಮಲಗೇಬುಡ್ತು, ದೊಡ್ಡೋರು ಅದನ್ನ ಬಿಚ್ಚಿ ಬುಟ್ಟು ತಲೆ ಮೇಲೆ ಕೈ ಒತ್ಕಂಡು ಕುಂತ್ರು. ರಾಮ ಒಬ್ನೇ ನೊಗ ಒತ್ಕಂಡು ನಿಂತವ್ನೆ, ಬಲಗಡೆ ಕಾಲಿ. ಬಸವ ನೋಡ್ತು ನೋಡು. ಕತ್ತಿನ ಅಗ್ಗ ಪಟ್ಟಂತ ಕಿತ್ಕಂಡು, ಬದ ಆರಿ, ಓಗಿ ರಾಮನ ಬಲಗಡೆ ನಿಂತ್ಕಂಡು ಕತ್ತು ತಗ್ಗಿಸ್ಬುಡ್ತು, ಕಟ್ರಪ್ಪ ಅನ್ನೋ ಅಂಗೆ. ಅಣ್ಣತಮ್ಮ ಇಬ್ರೂ ಮಿಕಮಿಕ ಅಂತ ನೋಡ್ತಾವ್ರೆ. ಆಗ ನನ್ನ ವಾರಗಿತ್ತಿ ಕೆಂಪಮ್ಮ, ದೊಡ್ಡೋರ ಎಂಡ್ತಿ, ಬಿತ್ತನೆ ಮಂಕರಿ ಕುಕ್ಕಿ, 'ನಿಮ್ಮ ಜಗಳ ಕಟ್ಕಂಡು ನನ್ನ ಮಕ್ಕಳು ಏನುಣ್ಬೇಕು? ಕಟ್ಟಿ ನೊಗಕ್ಕೆ' ಅಂದ್ಳು. ಕಟ್ಟುದ್ರು.

ಈಗ ಯಾರ ಪಾಲು ಮೊದ್ಲು ಉಳೋದು? ಹದ ಎರಡಕ್ಕೂ ಸಾಲಕಿಲ್ಲ, ಇಬ್ರಿಗೂ ಗೊತ್ತು. ನಿಮ್ಮ ತಾತ ಅಣ್ಣನ ಕಡೆ ನೋಡ್ಲಿಲ್ಲ, ಬಸವನ ಬೆನ್ನು ತಟ್ಟಿ, 'ಲೇ ಬಸವ, ದೊಡ್ಡೋರದು ಮೊದ್ಲು ಆಗ್ಲಿ ಅಂತ ಯೋಳ್ಲಾ' ಅಂದ್ರು. ಅಂಗೇ ಆಯ್ತು, ನಮ್ಮ ಪಾಲಿಗೆ ಬರೋ ಒತ್ಗೆ ಅರ್ದ ಮಣ್ಣು ಒಣಗಿತ್ತು, ಪೈರು ಅಲ್ಲೊಂದು ಇಲ್ಲೊಂದು. ಕುಯ್ಲು ಆದ ಮೇಲೆ ದೊಡ್ಡೋರು ಗಾಡಿಗೆ ತೆನೆ ಏರಿ ನಮ್ಮ ಕಣದ ಮುಂದೆ ನಿಲ್ಲಿಸಿ, 'ಲೇ ರಾಮ, ಇದು ಕೂಸಿನ ತಾಯಿಗೆ ಅಂತ ಯೋಳು' ಅಂದ್ಬುಟ್ಟು ಸುರುದು ಓದ್ರು. ನಾನು ಅವತ್ತು ಅತ್ತೆ, ಯಾಕೆ ಸುಳ್ಳು ಯೋಳ್ಲಿ. ಅಲ್ಲಿಂದ ವರ್ಸಗಟ್ಲೆ ಇದೇ ಆಟ. ಒಬ್ರು ರಾಮಂಗೆ ಯೋಳೋರು, ಇನ್ನೊಬ್ರು ಬಸವಂಗೆ. ಉಳೋದು, ಅರಗೋದು, ಗೊಬ್ಬರ ಒಡೆಯೋದು, ಎಲ್ಲಾನೂ ಎತ್ತಿನ ಕಿವೀಲೇ. ಮಕ್ಳೆಲ್ಲ ನಗೋವು. ನನಗೆ ಮೊದಮೊದ್ಲು ನಗು ಬತ್ತಿತ್ತು, ಆಮೇಲೆ ಬರ್ಲಿಲ್ಲ.

ಸ್ವತಂತ್ರ ಬಂತಂತೆ ಅಂತ ಊರಲ್ಲೆಲ್ಲ ಮಾತಾಡ್ತಿದ್ದ ದಿನಗಳು, ರಾಮ ಮೇವು ಬುಡ್ತು. ನಾಟಿ ಔಸ್ದಿ ಕುಡ್ಸುದ್ರು, ಬರೆ ಆಕುದ್ರು, ಏಳ್ಲಿಲ್ಲ. ಬೆಳಿಗ್ಗೆ ಬಾಗ್ಲು ಸಾರಿಸ್ತಾ ಇದ್ದೆ, ದೊಡ್ಡೋರು ಬಂದು ನಿಂತವ್ರೆ. ಗೋಡೆ ಎದ್ದ ಮೇಲೆ ನಮ್ಮ ಒಸ್ಲಿಗೆ ಬಂದೋರೇ ಅಲ್ಲ ಅವರು. 'ತಮ್ಮ, ರಾಮ ಓಗ್ಬುಡ್ತು ಕಣ್ಲಾ' ಅಂದ್ರು. ನಿಮ್ಮ ತಾತ ರೂಢಿ ಮೇಲೆ ಬಸವನ ಕಡೆ ತಿರುಗಿ ಏನೋ ಅನ್ನಕ್ಕೋದ್ರು. ಆಮೇಲೆ ಅಣ್ಣನ ಮುಕ ನೋಡಿ, 'ನಡಿ ಅಣ್ಣ, ಗುಂಡಿ ತೋಡನ' ಅಂದ್ರು. ಬದ ಒಡೆದು ಅಲ್ಲೇ ಮಣ್ಣು ಮಾಡುದ್ರು. ಇಬ್ರೂ ಗುದ್ಲಿ ಇಡ್ಕಂಡು ಚಿಕ್ಕುಡುಗ್ರಂಗೆ ಅತ್ರು. ನೀವೂ ಅಷ್ಟೇಯ, ಒಲ ಬೇಕಾದ್ರೆ ಪಾಲು ಮಾಡ್ಕಳ್ರಪ್ಪ, ಬ್ಯಾಡ ಅನ್ನಕಿಲ್ಲ ನಾನು. ಅಣ್ಣತಮ್ಮ ಮಾತಾಡಕ್ಕೆ ಒಂದು ಎತ್ತು ಸಾಯೋಗಂಟ ಮಾತ್ರ ಕಾಯ್ಬ್ಯಾಡಿ. ಏಳಿ, ಮುದ್ದೆ ಆರೋಯ್ತದೆ.