ಗಂಗಾವತಿ ರಸ್ತೆಯ ಕಲ್ಯಾಣ ಮಂಟಪದ ಗೇಟಿಗೆ ಬೀಗ ಹಾಕಿದ ಬಗ್ಗೆ

ಪದ್ಮಾವತಿ ಗಂಡ ಲಕ್ಷ್ಮಣ, ವಯಸ್ಸು 36 ವರ್ಷ, ಉದ್ಯೋಗ: ಬಸ್ ಕಂಡಕ್ಟರ್, ವಾಸ: ಹಳೆ ಬಸ್ ನಿಲ್ದಾಣದ ಹಿಂದಿನ ಓಣಿ, ಮಸ್ಕಿ, ಜಿಲ್ಲೆ ರಾಯಚೂರು.

ಈ ದಿನ ದಿನಾಂಕ 20-01-2026ರಂದು ಬೆಳಿಗ್ಗೆ 10-30 ಗಂಟೆಗೆ ನಾನಾಗಿಯೇ ಸಿಂಧನೂರಿನ ಠಾಣೆಗೆ ಹಾಜರಾಗಿ, ವಿಚಾರಿಸಿದ ಮೇರೆಗೆ ನನ್ನ ಬಾಯಿಂದ ಬರೆಯಿಸುವುದೇನೆಂದರೆ:

ನಾನು ಹನ್ನೊಂದು ವರ್ಷಗಳಿಂದ ಲಿಂಗಸುಗೂರು–ಸಿಂಧನೂರು ಮಾರ್ಗದಲ್ಲಿ ಕಂಡಕ್ಟರ್ ಕೆಲಸ ಮಾಡಿಕೊಂಡಿರುತ್ತೇನೆ. ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ಡಿಪೋದಲ್ಲಾಗಲಿ ಠಾಣೆಯಲ್ಲಾಗಲಿ ಒಂದು ದೂರೂ ಇರುವುದಿಲ್ಲ. ಮೊನ್ನೆ ದಿನಾಂಕ 18ರ ಭಾನುವಾರ ನಾನು ಕಲ್ಯಾಣ ಮಂಟಪದ ಗೇಟಿಗೆ ಬೀಗ ಹಾಕಿ ಟಿವಿ ನಟ ತ್ರಿಲೋಕ್ ಇವರನ್ನು 47 ನಿಮಿಷ ಅಕ್ರಮವಾಗಿ ತಡೆದು ನಿಲ್ಲಿಸಿದೆನೆಂದೂ, ಅವರ ಮ್ಯಾನೇಜರ್ ಪ್ರಣೀತ್ ಇವರನ್ನು ತಳ್ಳಿದೆನೆಂದೂ ಪ್ರಣೀತ್ ದೂರು ಕೊಟ್ಟಿರುವುದಾಗಿ ನನಗೆ ಓದಿ ಹೇಳಿದ್ದಾರೆ. ಬೀಗ ಹಾಕಿದ್ದು ನಾನೇ. ಅದು ಹೇಗಾಯಿತೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

'ಎಡದಂಡಿ ಮನಿ' ಎಂಬ ಧಾರಾವಾಹಿ ಎರಡು ವರ್ಷಗಳಿಂದ ಟಿವಿಯಲ್ಲಿ ಬರುತ್ತಿದೆ. ಕಾಲುವೆ ದಂಡೆಯ ಒಂದು ಮನೆತನದ ಕಥೆ, ನಮ್ಮ ಕಡೆಯ ಮಾತು. ಅದರಲ್ಲಿ ತ್ರಿಲೋಕ್ ಕಿರಿಯ ಮಗನ ಪಾತ್ರ ಮಾಡುತ್ತಾರೆ. ಸರೋಜಿನಿ ಕೊಟ್ಟೂರ ಎಂಬ ಹಿರಿಯ ನಟಿ ಭದ್ರವ್ವ ಎಂಬ ಅತ್ತೆಯ ಪಾತ್ರ ಮಾಡುತ್ತಾರೆ. ನನ್ನ ಬಸ್ಸಿನಲ್ಲಿ ಹೆಣ್ಣುಮಕ್ಕಳು ಲಿಂಗಸುಗೂರಿನಿಂದ ಮಸ್ಕಿಯವರೆಗೆ ತ್ರಿಲೋಕನನ್ನು ಹೊಗಳುತ್ತಾರೆ, ಮಸ್ಕಿಯಿಂದ ಸಿಂಧನೂರಿನವರೆಗೆ ಭದ್ರವ್ವನಿಗೆ ಶಾಪ ಹಾಕುತ್ತಾರೆ. ನಾನೂ ಒಂದು ಕಂತೂ ಬಿಡದೆ ನೋಡಿರುತ್ತೇನೆ.

ಈ ಧಾರಾವಾಹಿಯ ಅಭಿಮಾನಿಗಳ ಬಳಗದ ಅಧ್ಯಕ್ಷರು ಲಿಂಗಸುಗೂರಿನ ಬಟ್ಟೆ ಅಂಗಡಿಯ ಅಮರಗುಂಡಪ್ಪನವರು. ಅವರು ವಾರಕ್ಕೆ ಎರಡು ಸಲ ನನ್ನ ಬಸ್ಸಿಗೆ ಬರುವುದರಿಂದ ನನಗೆ ಪರಿಚಯ. ಡಿಸೆಂಬರ್ ತಿಂಗಳಲ್ಲಿ ಅವರು, ಕಲಾವಿದರನ್ನು ಕರೆಸಿ ಸಿಂಧನೂರಿನಲ್ಲಿ ಸಮಾವೇಶ ಮಾಡುತ್ತಿದ್ದೇವೆ, "ಮಂದೀನ ಸಂಭಾಳಸಾಕ ನಿಮ್ಮಂಥವ್ರು ಬೇಕ್ರೀ ಪದ್ಮಕ್ಕ, ಬರ್ರಿ" ಅಂತ ಕೇಳಿದರು. ನಾನು ವಾರದ ರಜೆಯನ್ನು ಭಾನುವಾರಕ್ಕೆ ಹಾಕಿಸಿಕೊಂಡು ಒಪ್ಪಿದೆನು. ಒಟ್ಟು 24 ಜನ ಸ್ವಯಂಸೇವಕರಿದ್ದೆವು. ಯಾರಿಗೂ ಸಂಬಳವಿಲ್ಲ. ಊಟ, ಒಂದು ಹಳದಿ ಬ್ಯಾಜು, ಮತ್ತು ಕೊನೆಗೆ ಕಲಾವಿದರ ಜೊತೆ ಒಂದು ಫೋಟೋ ಅಂತ ಮಾತಾಗಿತ್ತು.

ಭಾನುವಾರ ಬೆಳಿಗ್ಗೆ 9-40ಕ್ಕೆ ನಾನು ಗಂಗಾವತಿ ರಸ್ತೆಯ ಕಲ್ಯಾಣ ಮಂಟಪಕ್ಕೆ ಬಂದೆನು. ಅಮರಗುಂಡಪ್ಪನವರು ಮುಂದಿನ ಗೇಟಿನ ಜವಾಬ್ದಾರಿ ನನಗೆ ಕೊಟ್ಟು, ಸರಪಳಿ, ಬೀಗ, ಕೀಲಿಕೈ ಒಪ್ಪಿಸಿದರು. ಜೊತೆಗೆ ಆರ್.ಎಚ್. ಕ್ಯಾಂಪ್ ಶಾಲೆಯ ಶಿಕ್ಷಕಿ ಮೆಹರಬಾನು ಇವರನ್ನು ನಿಲ್ಲಿಸಿದರು. ಗೇಟು ಕಬ್ಬಿಣದ ಸರಳಿನದು, ಅಗಲ 14 ಅಡಿ, ಎರಡು ಬಾಗಿಲು, ಒಳಗಡೆಗೆ ತೆರೆಯುತ್ತವೆ. ನಾನು ಮೊದಲು ಇಡೀ ಆವರಣ ಒಂದು ಸುತ್ತು ತಿರುಗಿ ನೋಡಿದೆನು. ಅಡುಗೆಮನೆಯ ಹಿಂದೆ ಇನ್ನೊಂದು ಗೇಟಿದೆ, ಮಂಟಪದ ಬಾಗಿಲಿನಿಂದ ನನ್ನ ಹೆಜ್ಜೆಯಲ್ಲಿ 56 ಹೆಜ್ಜೆ. ಅದರಾಚೆ ಭತ್ತ ಕೊಯ್ದ ಗದ್ದೆ, ಗದ್ದೆಯ ಪಕ್ಕ ಕಾರು ಬರುವಷ್ಟು ದಾರಿ. ಇದನ್ನು 10-15ಕ್ಕೆ ಅಮರಗುಂಡಪ್ಪನವರಿಗೆ ತೋರಿಸಿದೆನು. ಅವರು ನೋಡಿದರು.

ಪಾಸು ಕೊಟ್ಟಿದ್ದು 800 ಜನರಿಗೆ. ಅವರು ಮಧ್ಯಾಹ್ನ 1-30ರೊಳಗೆ ಸಾಲಿನಲ್ಲಿ ಬಂದು ಒಳಗೆ ಕುಳಿತರು. ಯಾರಿಗೂ ಏನೂ ತೊಂದರೆಯಾಗಲಿಲ್ಲ. ಆದರೆ 12 ಗಂಟೆಗೆ ತ್ರಿಲೋಕ್ ಹೆಸರಿನ ಖಾತೆಯಲ್ಲಿ, ನಾನು ಸಿಂಧನೂರಿಗೆ ಬರುತ್ತಿದ್ದೇನೆ, ಎಲ್ಲರೂ ಬನ್ನಿ ಅಂತ ಒಂದು ವಿಡಿಯೋ ಬಂದಿತ್ತು. ಮೆಹರಬಾನು ನನಗೆ ಅದನ್ನು ಮೊಬೈಲಿನಲ್ಲಿ ತೋರಿಸಿದರು. ಅದರಲ್ಲಿ ಪಾಸಿನ ಮಾತಿರಲಿಲ್ಲ. 2-30ರ ಹೊತ್ತಿಗೆ ಗೇಟಿನ ಹೊರಗೆ ನನ್ನ ಅಂದಾಜಿನಲ್ಲಿ 1,600 ಜನ ಸೇರಿದ್ದರು. ನನ್ನ ಅಂದಾಜು ಹೆಚ್ಚುಕಡಿಮೆಯಾಗುವುದಿಲ್ಲ, ನಾನು ದಿನಾ ಮಂದಿಯನ್ನು ಎಣಿಸುವವಳು. ಬಂದೋಬಸ್ತಿಗಿದ್ದ ಇಬ್ಬರು ಪೊಲೀಸರು ರಸ್ತೆಯಲ್ಲಿ ನಿಂತುಹೋಗಿದ್ದ ವಾಹನಗಳನ್ನು ಬಿಡಿಸುತ್ತಿದ್ದರು.

2-50ಕ್ಕೆ ತ್ರಿಲೋಕ್ ಅವರ ಬಿಳಿ ಕಾರು ಬಂದಿತು. ಕಾರು ಒಳಗೆ ಬಿಡಲು ಗೇಟು ತೆರೆದೆವು. ಕಾರಿನ ಹಿಂದೆಯೇ ಜನ ನುಗ್ಗಿದರು. ದಢೇಸುಗೂರಿನ ಗ್ಯಾನಮ್ಮ ಎಂಬ 62 ವರ್ಷದ ಹೆಣ್ಣುಮಗಳು ಗೇಟು ಮುಚ್ಚುವ ಜಾಗದಲ್ಲಿಯೇ ಮುಗ್ಗರಿಸಿ ಬಿದ್ದಳು. ಅವಳ ಮೇಲೆ ಜನ ದಾಟಿದರು. ನಾನು ಅವಳ ತೋಳು ಹಿಡಿದೆ, ಮೆಹರಬಾನು ಸೊಂಟ ಹಿಡಿದರು, ಎಳೆದು ಗೋಡೆಯ ಬದಿಗೆ ತಂದೆವು. ಉಳಿದ ಸ್ವಯಂಸೇವಕರು ಮೈಯೊಡ್ಡಿ ಗೇಟು ಹಾಕಿದರು. ಎಲ್ಲ ಸೇರಿ ಒಂದು ನಿಮಿಷ ಆಗಿರಲಿಕ್ಕಿಲ್ಲ. ಗ್ಯಾನಮ್ಮನ ಬಲಗೈ ಮಣಿಕಟ್ಟು ಮುರಿದಿತ್ತು. ಅವಳು ಅಳಲಿಲ್ಲ. "ನನ್ನ ಮೊಮ್ಮಗಳು ಎಲ್ಲೆದಾಳ ನೋಡವ್ವ" ಅಂತ ಅಷ್ಟೇ ಅಂದಳು. ಆರು ವರ್ಷದ ಆ ಕೂಸನ್ನು ಯಾರೋ ಪುಣ್ಯಾತ್ಮರು ಕಂಪೌಂಡ್ ಗೋಡೆಯ ಮೇಲೆ ಎತ್ತಿ ಕೂಡಿಸಿದ್ದರು. ಮೆಹರಬಾನು ತಮ್ಮ ದುಪಟ್ಟಾದಿಂದ ಗ್ಯಾನಮ್ಮನ ಕೈ ಕಟ್ಟಿದರು. ಹಿಂದಿನ ಗೇಟಿಗೆ ಆಟೋ ತರಿಸಿ ಇಬ್ಬರನ್ನೂ 3-05ಕ್ಕೆ ಆಸ್ಪತ್ರೆಗೆ ಕಳಿಸಿದೆವು.

3-35ಕ್ಕೆ ತ್ರಿಲೋಕ್ ಅವರ ಕಾರ್ಯಕ್ರಮ ಮುಗಿಯಿತು. ಅವರು ಕಾರಿನಲ್ಲಿ ಕುಳಿತರು. ಚಾಲಕ ಕಾರನ್ನು ಗೇಟಿಗೆ 9 ಅಡಿ ದೂರದವರೆಗೆ ತಂದು ನಿಲ್ಲಿಸಿದನು. ಮ್ಯಾನೇಜರ್ ಪ್ರಣೀತ್ ಇಳಿದು ಬಂದು ಗೇಟು ತೆರೆಯಲು ಹೇಳಿದರು. ನಾನು, "ಇದನ್ನ ತೆಗೆಯಾಕ ಬರಂಗಿಲ್ರೀ. ಹಿಂದ ಗೇಟ್ ಐತಿ, ಆಟೋನೂ ಹೋಗೇತಿ, ಯಾರೂ ಇಲ್ಲ ಅಲ್ಲಿ" ಅಂತ ಹೇಳಿದೆನು. ಅದಕ್ಕೆ ಪ್ರಣೀತ್, ಕಾರು ಜನರ ಮಧ್ಯೆ ಹೋಗುವುದನ್ನು ಚಿತ್ರೀಕರಿಸಲು ಎದುರಿನ ಮಾಳಿಗೆಯ ಮೇಲೆ ಕ್ಯಾಮೆರಾ ಇಟ್ಟಿದ್ದೇವೆ, "ಹಿಂದಿನ ಗೇಟಲ್ಲಿ ಹೋದರೆ ನನಗೇನು ಸಿಗುತ್ತೆ?" ಅಂತ ಕೇಳಿದರು. ಇದನ್ನು ಮೆಹರಬಾನು ಸಹ ಕೇಳಿರುತ್ತಾರೆ.

ಆಗ ಗೇಟಿಗೆ ಚಿಲಕ ಮಾತ್ರ ಇತ್ತು. ಹೊರಗಿನ ಜನ ಕಾರು ಕಂಡು ಮುಂದಕ್ಕೆ ಒತ್ತುತ್ತಿದ್ದರು. ಮುಂದಿನ ಸಾಲಿನಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳು. ಒಬ್ಬ ಹುಡುಗಿಯ ಕೆನ್ನೆ ಸರಳಿಗೆ ಒತ್ತಿಹೋಗಿತ್ತು, ಮುಖ ತಿರುಗಿಸಲು ಅವಳಿಗೆ ಜಾಗ ಇರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಗೇಟು ಒಳಗಡೆಗೆ ತೆರೆಯುವಂಥದ್ದು. ಚಿಲಕ ಎತ್ತಿದರೆ ಮುಂದಿನ ಸಾಲು ಬೀಳುತ್ತದೆ, ಎರಡನೆಯ ಸಾಲು ಅದರ ಮೇಲೆ ಬೀಳುತ್ತದೆ, ಎದುರಿಗೆ ಕಾರು. ಗ್ಯಾನಮ್ಮ ಬಿದ್ದಾಗ ಒಂದು ಸಲ ಕಣ್ಣಾರೆ ಕಂಡಿದ್ದೆನು. 3-42ಕ್ಕೆ ಸರಪಳಿ ಸುತ್ತಿ ಬೀಗ ಹಾಕಿ ಕೀಲಿಕೈಯನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡೆನು.

ಪ್ರಣೀತ್ ನನ್ನ ಕಂಡಕ್ಟರ್ ಚೀಲ ನೋಡಿ ಸಿಟ್ಟಾಗಿ, "ಯಾರಮ್ಮ ನೀನು? ಇದು ನಿನ್ನ ಬಸ್ಸಲ್ಲ" ಅಂದರು. ನಾನು, "ಬಸ್ಸಾಗಿದ್ರೂ ಸೀಟಿ ಹೊಡಿತಿದ್ದಿಲ್ರೀ" ಅಂದೆನು. ಅವರು ನನ್ನ ಚೀಲಕ್ಕೆ ಕೈ ಹಾಕಿದರು. ನಾನು ಅವರ ಮಣಿಕಟ್ಟು ಹಿಡಿದು ಕೈಯನ್ನು ಹೊರಗೆ ತೆಗೆದೆನು. ತಳ್ಳಿಲ್ಲ, ಹೊಡೆದಿಲ್ಲ. ಅವರು ತಮ್ಮ ಕಾಲಿನ ಮೇಲೆಯೇ ನಿಂತಿದ್ದರು. ಅಮರಗುಂಡಪ್ಪನವರು ಓಡಿ ಬಂದು, "ದೊಡ್ಡ ಮಂದಿ ಐತಿ ಪದ್ಮಕ್ಕ, ನಮಗ ಮುಂದ ತ್ರಾಸ ಆಗ್ತದ, ಕೊಟ್ಟುಬಿಡ್ರಿ" ಅಂದರು. ನಾನು, "ಬರದು ಕೊಡ್ರಿ ಕಾಕಾ, ಯಾರರ ಸತ್ರ ಹೊಣಿ ನನ್ನ ಮ್ಯಾಲೆ ಅಂತ ಬರದು ಕೊಡ್ರಿ, ಈಗ ತೆಗಿತೀನಿ" ಅಂದೆನು. ಅವರು ಬರೆದುಕೊಡಲಿಲ್ಲ.

ನಾನು ಸೀಟಿ ಊದಿದೆನು, ಹಿಂದೆ ಸರಿಯಲು ಕೂಗಿ ಹೇಳಿದೆನು. ಕೇಳಿಸಿದ್ದು ಮುಂದಿನವರಿಗೆ ಮಾತ್ರ. ಅವರು ಸರಿಯುವ ಹಾಗಿರಲಿಲ್ಲ. ಒಳಗಿನ ಧ್ವನಿವರ್ಧಕದ ಶಬ್ದ ರಸ್ತೆಯವರೆಗೆ ಬರುತ್ತಿರಲಿಲ್ಲ.

ಸುಮಾರು 3-48ಕ್ಕೆ ಸರೋಜಿನಿ ಕೊಟ್ಟೂರ ಅವರು ಗದ್ದಲ ಕೇಳಿ ಮಂಟಪದಿಂದ ಹೊರಗೆ ಬಂದರು. ಅವರಿಗೆ 60 ದಾಟಿರಬಹುದು. ಮಂಡಿ ನೋವಿನಿಂದ ಕುಂಟುತ್ತಿದ್ದರು. ಬೆಳಿಗ್ಗೆ ಅವರು ಬಂದಾಗ ಸಾಲಿನಲ್ಲಿದ್ದ ಒಬ್ಬಳು, ಸೊಸೆಗೆ ವಿಷ ಹಾಕಿದವಳು ಇವಳೇ ಅಂತ ಬೈದಿದ್ದಳು, ಅವರು ನಕ್ಕು ಒಳಗೆ ಹೋಗಿದ್ದರು. ಏನಾಯಿತೆಂದು ನನ್ನನ್ನೇ ಕೇಳಿದರು. ಹೇಳಿದೆನು. ಅವರು ಸರಳಿನ ಬಳಿ ಇದ್ದ ಹುಡುಗಿಯನ್ನು ನೋಡಿ, "ಒಂದು ಕುರ್ಚಿ ತರಸವ್ವ" ಅಂದರು. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಮಾತಾಡಿದ್ದೇನೆ, "ಏನ್ ಹೇಳಬೇಕು ಅಷ್ಟು ಹೇಳು" ಅಂದರು. ನಾನು, "ಮುಂದಿನವ್ರಿಗೆ ಏನೂ ಹೇಳಬ್ಯಾಡ್ರಿ ಅಮ್ಮಾರ, ಅವ್ರ ಕೈಯಾಗ ಏನೂ ಇಲ್ಲ. ಕಟ್ಟಕಡೀಗೆ ನಿಂತವ್ರು ಮೊದಲು ಕುಂದ್ರಬೇಕು" ಅಂದೆನು.

ಮೆಹರಬಾನು ಕುರ್ಚಿ ಹಿಡಿದರು, ನಾನು ಅವರ ಸೊಂಟ ಹಿಡಿದೆನು. ಅವರು ಕುರ್ಚಿಯ ಮೇಲೆ ನಿಂತು, ಗೋಡೆಯ ಮೇಲೆ ಕೈಯೂರಿ, ಭದ್ರವ್ವನ ದನಿ ತೆಗೆದರು. "ಯಾರಲೇ ಅವ, ಕಟ್ಟಕಡೀಗೆ ನಿಂತು ನೂಕಾಂವ? ನನ್ನ ಬಾಗಲದಾಗ ನನ್ನ ಹೆಣ್ಮಕ್ಕಳನ್ನ ತುಳೀತಿಯೇನು? ಕುಂದ್ರು. ನೀ ಕುಂದ್ರೂತನ ನಾ ಇಲ್ಲಿಂದ ಇಳಿಯಂಗಿಲ್ಲ."

ರಸ್ತೆಯಾಚೆ ಕೆಲವರು ನಕ್ಕರು. ಆಮೇಲೆ ನಗು ನಿಂತಿತು. ಅವರು ಬೆರಳು ಮಾಡಿ ಒಬ್ಬೊಬ್ಬರನ್ನೇ ಹಿಡಿದರು. ಕೆಂಪು ಅಂಗಿಯವನು, ಬೈಕಿನ ಮೇಲೆ ನಿಂತವನು, ಮೊಬೈಲ್ ಎತ್ತಿದವನು. ಹಿಂದಿನವರು ಕುಳಿತರು. ಅವರ ಮುಂದಿನವರು ಕುಳಿತರು. ಗದ್ದೆಗೆ ನೀರು ಬಿಟ್ಟಾಗ ಒಂದೊಂದೇ ಮಡಿ ತುಂಬುವ ಹಾಗೆ ಜನ ಸಾಲುಸಾಲಾಗಿ ಕೆಳಗಾದರು. 3-58ಕ್ಕೆ ಗೇಟಿನ ಮೇಲಿನ ಭಾರ ಸಡಿಲಾಯಿತು, ಸರಪಳಿ ಜೋತುಬಿದ್ದದ್ದನ್ನು ನಾನು ಕೈಯಿಂದ ಮುಟ್ಟಿ ನೋಡಿದೆನು. ಆ ಹುಡುಗಿ ಕೆನ್ನೆ ತೆಗೆದಳು. ಸರಳಿನ ಗುರುತು ಕೆಂಪಗೆ ಮೂಡಿತ್ತು. 4-12ಕ್ಕೆ ಒಂದು ಬಾಗಿಲು ಮಾತ್ರ ತೆರೆದು ತಲೆ ಸುತ್ತಿದ್ದ ಏಳು ಜನರನ್ನು ಒಳಗೆ ಕರೆದು ನೀರು ಕೊಟ್ಟೆವು, ಮತ್ತೆ ಹಾಕಿದೆವು.

ಪ್ರಣೀತ್ ಬಂದು, ಈಗ ಜನ ಶಾಂತವಾಗಿದ್ದಾರೆ, ಕಾರು ಬಿಡಿ ಅಂದರು. ಕಾರು ಅಲುಗಿದರೆ ಎಲ್ಲರೂ ಏಳುತ್ತಾರೆ ಅಂತ ನಾನು ಒಪ್ಪಲಿಲ್ಲ. ಆಗ ತ್ರಿಲೋಕ್ ತಾವೇ ಕಾರಿನ ಬಾಗಿಲು ತೆರೆದು ಇಳಿದರು. ಟಿವಿಯಲ್ಲಿ ಕಾಣುವುದಕ್ಕಿಂತ ಚಿಕ್ಕ ವಯಸ್ಸು. ಅಂಗಿಯೆಲ್ಲ ಬೆವೆತಿತ್ತು. "ಅಕ್ಕ, ಹಿಂದೆ ಗೇಟ್ ಇದೆ ಅಂತ ನನಗೆ ಯಾರೂ ಹೇಳಲಿಲ್ಲ" ಅಂದರು. ನಾನು ಅವರನ್ನು ಅಡುಗೆಮನೆಯ ಪಕ್ಕದಿಂದ ನಡೆಸಿಕೊಂಡು ಹೋದೆನು. ದಾರಿಯಲ್ಲಿ, ಬಿದ್ದ ಅಜ್ಜಿ ಹೇಗಿದ್ದಾಳೆಂದು ಕೇಳಿದರು. ಕೈ ಮುರಿದಿದೆ, ಜೀವಕ್ಕೆ ತೊಂದರೆಯಿಲ್ಲ ಅಂತ ಹೇಳಿದೆನು. ಅವರು ತಲೆ ತಗ್ಗಿಸಿ ನಡೆದರು. 4-29ಕ್ಕೆ ಒಬ್ಬ ಸ್ವಯಂಸೇವಕನ ಕಾರಿನಲ್ಲಿ ಕೂತು ಗದ್ದೆಯ ದಾರಿಯಿಂದ ಹೋದರು. ದೂರಿನಲ್ಲಿರುವ 47 ನಿಮಿಷ ಸರಿಯಾಗಿದೆ.

ಅವರು ಹೋದರೆಂದು ಸರೋಜಿನಿಯವರೇ ಜನರಿಗೆ ಹೇಳಿದರು. ಹಿಂದಿನ ಸಾಲಿನಿಂದ ಎದ್ದು ಎಲ್ಲರೂ 5-10ರೊಳಗೆ ಚದುರಿದರು. ಗ್ಯಾನಮ್ಮನ ಕೈ ಬಿಟ್ಟರೆ ಯಾರಿಗೂ ಪೆಟ್ಟಾಗಿಲ್ಲ. ಆಮೇಲೆ ಮೆಹರಬಾನು ಚಹಾ ತಂದರು. ಗೇಟಿನ ಬಳಿಯೇ ಕುಳಿತು ಕುಡಿದೆವು. ಫೋಟೋ ತೆಗೆಸಿಕೊಳ್ಳುವುದು ಯಾರಿಗೂ ನೆನಪಾಗಲಿಲ್ಲ.

ನಿನ್ನೆ ಸಂಜೆ 6-20ಕ್ಕೆ ಅಮರಗುಂಡಪ್ಪನವರು ಮಸ್ಕಿಯ ನಮ್ಮ ಮನೆಗೆ ಬಂದು ದೂರಿನ ವಿಷಯ ಹೇಳಿದರು. ಕೇಸಾದರೆ ನನ್ನ ನೌಕರಿಗೆ ತೊಂದರೆಯೆಂದೂ, ತಪ್ಪಾಯಿತೆಂದು ಎರಡು ಸಾಲು ಬರೆದುಕೊಟ್ಟರೆ ಪ್ರಣೀತ್ ದೂರು ಹಿಂಪಡೆಯುತ್ತಾರೆಂದೂ ತಿಳಿಸಿದರು. ನನ್ನ ಗಂಡ ಲಕ್ಷ್ಮಣ ನನ್ನ ಮುಖ ನೋಡಿದರು. ನಾನು, "ತಪ್ಪಾಗಿದ್ರ ನೀವು ಹೇಳೂಕಿಂತ ಮೊದ್ಲ ಬರದು ಕೊಡ್ತಿದ್ದೆ ಕಾಕಾ" ಅಂದೆನು. ಅವರು ಏಳುವಾಗ, ತಾವೂ ಠಾಣೆಗೆ ಬಂದು ಕಂಡದ್ದನ್ನು ಹೇಳುವುದಾಗಿ ತಿಳಿಸಿದರು. ಈ ದಿನ ನಾನು ಬಂದಾಗ ಅವರು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮೆಹರಬಾನು ಗೇಟಿನಲ್ಲಿ ನಾನು ಹೇಳಿದಂತೆ ಮಾಡಿದವರು ಮಾತ್ರ. ಬೀಗದ ಹೊಣೆ ಅವರದಲ್ಲ.

ಬರೆದದ್ದನ್ನು ಓದಿಸಿ ಕೇಳಿದೆನು. ಬರೆದುಕೊಂಡ ಮಹಿಳಾ ಸಿಬ್ಬಂದಿಯವರು ಒಂದು ಕಡೆ 'ಗಾಬರಿಯಲ್ಲಿ ಬೀಗ ಹಾಕಿದೆನು' ಎಂದು ಬರೆದಿದ್ದರು. ಆ ಶಬ್ದ ನನ್ನದಲ್ಲವೆಂದು ಹೇಳಿದೆನು. ಅವರು, "ಇರಲಿ ಬಿಡ್ರಿ ಅಕ್ಕಾರ, ಹಂಗ ಇದ್ರ ನಿಮಗ ಅನುಕೂಲ ಆಗ್ತದ" ಅಂದರು. ನಾನು, "ಗಾಬರಿ ಆಗಿದ್ರ ಬೀಗ ತೆಗಿತಿದ್ದೆವ್ವ" ಅಂದೆನು. ಅವರು ಆ ಶಬ್ದವನ್ನು ಹೊಡೆದುಹಾಕಿದ್ದಾರೆ. ಹೊಡೆದ ಕಡೆ ನನ್ನ ಸಹಿ ಇರುತ್ತದೆ.

ಉಳಿದದ್ದೆಲ್ಲ ನಾನು ಕಂಡದ್ದು, ನಾನು ಮಾಡಿದ್ದು. ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಯಿಸಿದ್ದೇನೆ.

ಸ್ಥಳ: ಸಿಂಧನೂರು
ದಿನಾಂಕ: 20-01-2026, ಮಧ್ಯಾಹ್ನ 12-15
ಸಹಿ: ಪದ್ಮಾವತಿ