ಬಾಮೈದನ ಮಾತ್ರೆ

ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತ ಕ್ಷೌರಿಕನ ಕೈ ತೊಡೆಯ ಮೇಲೆ ತೆಪ್ಪಗೆ ಬಿದ್ದಿತ್ತು. ಹೆಂಡತಿಯ ನಾಲಿಗೆ ಮಾತ್ರ ಸುಮ್ಮನಿರಲಿಲ್ಲ, ಪಕ್ಕದವರಿಗೆಲ್ಲ ಕೇಳುತ್ತಿತ್ತು.

“ಕೈ ನಡುಗುತ್ತೆ ಅಂತ ನನ್ನ ತಮ್ಮನ ಮಾತ್ರೆ ಕದ್ದು ನುಂಗಿದ್ರಲ್ಲ, ಬುದ್ಧಿ ಬೇಡ್ವಾ?”

“ಅವನದೂ ನಡುಕಾನೇ, ನಂದೂ ನಡುಕಾನೇ.”

“ಅವನ ಕೈ ಸುಮ್ಮನೆ ಕೂತಾಗ ನಡುಗುತ್ತೆ, ಲೋಟ ಹಿಡಿದ್ರೆ ನಿಲ್ಲುತ್ತೆ. ನಿಮ್ಮದು ಕತ್ತಿ ಹಿಡಿದ್ರೇನೇ ಶುರು. ಎರಡಕ್ಕೂ ಒಂದೇ ಔಷಧಿಯಾ?”

“ಚೂರು ಕಮ್ಮಿ ಆಗಿತ್ತು ಕಣೇ.”

“ಹೂಂ, ಅದಕ್ಕೇ ನಿನ್ನೆ ಮೇಷ್ಟ್ರು ಅರ್ಧ ಗಡ್ಡದಲ್ಲೇ ಎದ್ದು ಓಡಿದ್ರು! ಹೀಗೇ ಆದ್ರೆ ಅಂಗಡಿಗೆ ಬೀಗ.”

ಅವನು ತನ್ನ ಕೈಯನ್ನೇ ನೋಡಿಕೊಂಡ. “ಇಲ್ಲಿ ನಡುಗ್ತಾನೇ ಇಲ್ವಲ್ಲ. ಡಾಕ್ಟರು ನಂಬ್ತಾರಾ?”

ಒಳಗಿನಿಂದ ಕರೆ ಬಂತು. ಅವಳು ಚೀಲ ತಟ್ಟುತ್ತ ಎದ್ದಳು.

“ಕತ್ತಿ ತಂದಿದೀನಿ, ನಡೀರಿ. ಅವರಿಗೂ ಗಡ್ಡ ಇದೆ.”